ನಳಿಗೆ ಹೊಸದು, ಒಡಲು ಹಳೆಯದು: ಸ್ವೀಡನ್ನಿನ ಗುರಿ ರೈಫಲ್‌ಗಳ ಹಿಂದಿನ ಕಥೆ

ಸ್ವೀಡನ್ನಿನ ಹಳೆಯ ಸೈನಿಕ ರೈಫಲ್ ಕೈಗೆ ಸಿಕ್ಕರೆ ಮೊದಲು ಭುಜಕ್ಕೆ ಒರಗುವ ಮರದ ಬಲಗಡೆ ನೋಡಿ. ಎಷ್ಟೋ ರೈಫಲ್‌ಗಳಲ್ಲಿ ಅಲ್ಲೊಂದು ದುಂಡನೆಯ ಹಿತ್ತಾಳೆ ಬಿಲ್ಲೆ ಇರುತ್ತದೆ. ಬಿಲ್ಲೆಯಲ್ಲಿ ಮೂರು ಭಾಗ. ಒಂದರಲ್ಲಿ ನಳಿಗೆಯ ಒಳ ಅಳತೆ, ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ. ಇನ್ನೊಂದರಲ್ಲಿ ನಳಿಗೆಯ ಒಳಮೈ ಎಷ್ಟು ಚೆನ್ನಾಗಿದೆ ಎಂಬ ಗುರುತು. ಮೂರನೆಯದರಲ್ಲಿ 'ಟಾರ್ಪೆಡ್' ಎಂಬ ಪದ. ಹೊಸ ಚೂಪು ಗುಂಡು ಹಾಕಿದರೆ ಈ ರೈಫಲ್ ಎಷ್ಟು ಮೇಲೆ ಹೊಡೆಯುತ್ತದೆ ಅನ್ನುವ ಲೆಕ್ಕ ಅದು. ಒಂದೊಂದು ರೈಫಲ್ಲನ್ನೂ ಬೇರೆ ಬೇರೆಯಾಗಿ ಅಳೆದು, ಅದರ ಜಾತಕವನ್ನು ಅದರ ಮೈಮೇಲೇ ಬರೆದಿಟ್ಟಿದ್ದಾರೆ. ಸಾಮಾನ್ಯ ಸಿಪಾಯಿಯ ಆಯುಧಕ್ಕೆ ಇಷ್ಟು ಕಾಳಜಿ ಮಾಡಿದ್ದು ನೋಡಿದರೆ ಖುಷಿಯಾಗುತ್ತದೆ.

ಈ ರೈಫಲ್‌ನ ತೋಟಾ ಹುಟ್ಟಿದಾಗ ಸ್ವೀಡನ್ ಮತ್ತು ನಾರ್ವೆ ಒಬ್ಬನೇ ರಾಜನ ಕೆಳಗಿದ್ದವು. 1891ರಲ್ಲಿ ಎರಡೂ ದೇಶ ಸೇರಿ ಒಂದು ಆಯೋಗ ಮಾಡಿಕೊಂಡವು. 1894ರ ಹೊತ್ತಿಗೆ 6.5×55 ತೋಟಾ ಸಿದ್ಧವಾಯಿತು: ನಳಿಗೆಯ ಅಳತೆ 6.5 ಮಿಲಿಮೀಟರ್, ತೋಟಾದ ಹಿತ್ತಾಳೆ ಕೊಳವೆಯ ಉದ್ದ 55. ಜರ್ಮನಿಯಂಥ ದೇಶಗಳು 8 ಮಿಲಿಮೀಟರ್ ಆಸುಪಾಸಿನ ಗುಂಡು ಬಳಸುತ್ತಿದ್ದಾಗ ಇವರು ಸಣ್ಣ ಅಳತೆಯನ್ನು ಆರಿಸಿಕೊಂಡರು. ಅಳತೆ ಸಣ್ಣದು, ಆದರೆ ಗುಂಡು ಉದ್ದ. ತೂಕ 10.1 ಗ್ರಾಂ, ಮೂತಿ ದುಂಡು. ಉದ್ದನೆಯ ಗುಂಡು ಓಲಾಡದೆ ಹೋಗಬೇಕಾದರೆ ಜೋರಾಗಿ ತಿರುಗಬೇಕು. ಅದಕ್ಕೆ ನಳಿಗೆಯೊಳಗಿನ ಸುರುಳಿ ಗೀರು 200 ಮಿಲಿಮೀಟರಿಗೆ ಒಂದು ಸುತ್ತು ಬರುವಂತೆ ಇಟ್ಟರು. ಭುಜಕ್ಕೆ ಒದೆತ ಕಡಿಮೆ, ಗುರಿ ನೇರ. ಯುದ್ಧಕ್ಕೆಂದು ಮಾಡಿದ ಈ ತೋಟಾಗೆ ಗುರಿ ಸ್ಪರ್ಧೆಯಲ್ಲಿ ಜಾಗ ಸಿಕ್ಕಿದ್ದು ಇದರಿಂದಲೇ.

ತೋಟಾ ಒಂದೇ ಆದರೂ ರೈಫಲ್ ಬೇರೆ ಬೇರೆ. ನಾರ್ವೆ ಕ್ರಾಗ್ ಯೋರ್ಗೆನ್ಸನ್ ಆರಿಸಿಕೊಂಡಿತು, ಸ್ವೀಡನ್ ಜರ್ಮನಿಯ ಮೌಸರ್ ಕಂಪನಿಯದನ್ನು. ಎಂ 96 ಎಂಬ ಈ ಸ್ವೀಡಿಶ್ ಮೌಸರ್ ರೈಫಲ್‌ಗಳು ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲೂ ಸ್ವೀಡನ್ನಿನ ಎಸ್ಕಿಲ್‌ಸ್ಟೂನಾದ ಕಾರ್ಲ್ ಗುಸ್ತಾಫ್ ಕಾರ್ಖಾನೆಯಲ್ಲೂ ತಯಾರಾದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಸ್ಕ್‌ವಾರ್ನಾ ಕೂಡ ಮಾಡಿತು. ಇಲ್ಲೊಂದು ವಿಷಯ ಗಮನಿಸಬೇಕು. 1898ರಲ್ಲಿ ಮೌಸರ್ ತನ್ನ ಹೊಸ ಮಾದರಿಯ ಬೋಲ್ಟಿಗೆ, ಅಂದರೆ ತೋಟಾದ ಹಿಂದೆ ಬೀಗದಂತೆ ಕೂರುವ ಉಕ್ಕಿನ ಅಗುಳಿಗೆ, ಮೂರನೆಯದೊಂದು ಸುರಕ್ಷಾ ಲಗ್ (ಬೀಗ ಹಿಡಿಯುವ ಉಬ್ಬು) ಸೇರಿಸಿತು. ತೋಟಾ ಒಡೆದರೆ ಹಿಂದಕ್ಕೆ ನುಗ್ಗುವ ಬಿಸಿ ಅನಿಲ ಹೊಡೆಯುವವನ ಮುಖಕ್ಕೆ ಬಡಿಯದಂತೆ ಅಗಲವಾದ ತಡೆಯನ್ನೂ ಕೊಟ್ಟಿತು. ಸ್ವೀಡನ್ ಮಾತ್ರ ಹಳೆಯ ಮಾದರಿಯನ್ನೇ ಮುಂದುವರಿಸಿತು. ಎಂ 96ರಲ್ಲಿ ಆ ಎರಡೂ ಇಲ್ಲ.

ಇನ್ನು ಗುರಿ ಹೊಡೆಯುವ ಸಂಘಗಳು. ಸ್ವೀಡನ್ನಿನಲ್ಲಿ 1860ರ ಸುಮಾರಿಗೆ ಶುರುವಾದ ಸ್ವಯಂಸೇವಕ ಬಂದೂಕುಗಾರರ ಚಳವಳಿ ಮುಂದೆ ಊರೂರಿನ ಶೂಟಿಂಗ್ ಸಂಘಗಳಿಗೆ ದಾರಿಮಾಡಿತು. ಸೈನ್ಯದ ರೈಫಲ್, ಸೈನ್ಯದ ತೋಟಾ, 300 ಮೀಟರ್ ದೂರದ ಗುರಿ ಹಲಗೆ. 1941ರಲ್ಲಿ 9.1 ಗ್ರಾಂ ತೂಕದ, ಮೂತಿ ಚೂಪಾದ, ಬಾಲ ಸಪೂರವಾದ ಹೊಸ ಗುಂಡು ಬಂತು. ಬಿಲ್ಲೆಯ ಮೇಲಿನ 'ಟಾರ್ಪೆಡ್' ಇದೇ. ಮುಂದೆ ಹಳೆಯ ಎಂ 96ಗೆ ದಪ್ಪ ನಳಿಗೆ ಕೂಡಿಸಿ ಸಿಜಿ 63 ಎಂಬ ಗುರಿ ರೈಫಲ್ ಮಾಡಿದರು. ಸಣ್ಣ ತೂತಿನಲ್ಲಿ ಕಣ್ಣಿಟ್ಟು ನೋಡುವ ಡಯಾಪ್ಟರ್ ಸೈಟ್ ಹಾಕಿದರು. ಪ್ರಾಮ್, ಎಲಿಟ್, ಸೋಡರಿನ್ ಆ ಸೈಟ್‌ಗಳಲ್ಲಿ ಹೆಸರಾದವು. ಸಿಜಿ 80 ಈ ಸಿಜಿ 63ರ ತಮ್ಮ.

ಗೊಂದಲ ಶುರುವಾಗುವುದು ಇಲ್ಲೇ. ಸಿಜಿ 63 ನೋಡಿದವರಿಗೆ ಇದು ಹೊಸ ಕಾಲದ ಗಟ್ಟಿ ರೈಫಲ್ ಅನ್ನಿಸುತ್ತದೆ. ನಳಿಗೆಯೇನೋ ಹೊಸದೇ. ಆದರೆ ಬೋಲ್ಟ್ ಕೂತು ಬೀಗ ಬೀಳುವ ಉಕ್ಕಿನ ಒಡಲು, ಅಂದರೆ ರಿಸೀವರ್, ಹಳೆಯದೇ. ಎಷ್ಟೋ ರೈಫಲ್‌ಗಳಲ್ಲಿ ಅದಕ್ಕೆ ನೂರು ವರ್ಷ ದಾಟಿದೆ. ನಳಿಗೆ ದಪ್ಪವಾದ ಮಾತ್ರಕ್ಕೆ ಒಡಲಿನ ಬಲ ಹೆಚ್ಚುವುದಿಲ್ಲ ಅಲ್ವಾ?

ತೋಟಾ ಕಾರ್ಖಾನೆಗಳಿಗೆ ಇದು ಗೊತ್ತು. 6.5×55ಗೆ ತೋಟಾಗಳ ಮಿತಿ ಗೊತ್ತುಮಾಡುವ ಯುರೋಪಿನ ಸಂಸ್ಥೆ ಸಿಐಪಿ ಕೊಟ್ಟ ಗರಿಷ್ಠ ಒತ್ತಡ 3,800 ಬಾರ್. ಹೊಸ ಕಾಲದ .308 ತೋಟಾಗೆ 4,150. 6.5×55ಗೆ ಅಮೆರಿಕದ ಮಿತಿ ಇನ್ನೂ ಕಡಿಮೆ, ಸುಮಾರು 3,500 ಬಾರ್. ಒಂದೇ ಲಗ್ ಮೇಲೆ ಭಾರ ಹೊರುವ ಕ್ರಾಗ್ ಇನ್ನೂ ಬಳಕೆಯಲ್ಲಿದೆ, ಅದಕ್ಕೇ ಈ ಎಚ್ಚರ. ಮನೆಯಲ್ಲಿ ಕೈಯಾರೆ ತೋಟಾ ತುಂಬುವವರಿಗೆ ಆಸೆ ಹುಟ್ಟುವುದೂ ಇಲ್ಲೇ. ಇನ್ನೊಂದು ಚಿಟಿಕೆ ಮದ್ದು ಹಾಕಿದರೆ ವೇಗ ಜಾಸ್ತಿಯಾಗುತ್ತದೆ ಎಂದು. ದಯವಿಟ್ಟು ಬೇಡ. ಹೊಸ ರೈಫಲ್‌ಗೆಂದು ಕೊಟ್ಟ ಅಳತೆಯನ್ನು ಈ ಹಳೆಯ ಒಡಲಿಗೆ ಹಾಕಲೇಬಾರದು. 9.1 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ಆಸುಪಾಸಿನಲ್ಲಿ ಹೋದರೆ 300 ಮೀಟರಿನ ಕಾಗದಕ್ಕೆ ಧಾರಾಳ ಸಾಕು. ನಿಧಾನ ಉರಿಯುವ ಮದ್ದು ಈ ತೋಟಾಗೆ ಚೆನ್ನಾಗಿ ಒಗ್ಗುತ್ತದೆ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ನೋಡಿ.

ಖಾಲಿ ತೋಟಾ ಕೊಳ್ಳುವಾಗಲೂ ಹುಷಾರು. 6.5×55ರ ಬುಡದ ಅಳತೆ ಸುಮಾರು 12.2 ಮಿಲಿಮೀಟರ್. ಮೌಸರ್ ವಂಶದ ಬೇರೆ ತೋಟಾಗಳದ್ದು 12. ಆ ಸಣ್ಣ ಬುಡದಲ್ಲೇ ಮಾಡಿದ ಹಿತ್ತಾಳೆಯೂ ಮಾರುಕಟ್ಟೆಗೆ ಬಂದಿದೆ. ಅದು ನಳಿಗೆಯ ಬುಡದಲ್ಲಿ ತೋಟಾ ಕೂರುವ ಕೋಣೆಯಲ್ಲಿ ಸಡಿಲವಾಗಿ ಕೂತು, ಹೊಡೆದಾಗ ಬುಡದ ಹತ್ತಿರ ಉಬ್ಬುತ್ತದೆ. ಸ್ವೀಡನ್ ಸೈನ್ಯದ ಖಾಲಿ ತೋಟಾ ಕಡಿಮೆಗೆ ಸಿಕ್ಕಿದರೂ ಸಾಮಾನ್ಯರಿಗೆ ಪ್ರಯೋಜನವಿಲ್ಲ. ಅದು ಬರ್ಡನ್ ಮಾದರಿಯದು. ಕೇಪಿನ ಹಿಂದೆ ನಡುವೆ ಒಂದೇ ತೂತಿನ ಬದಲು ಪಕ್ಕದಲ್ಲಿ ಎರಡು ತೂತು. ಮಾಮೂಲಿ ಸೂಜಿಯಿಂದ ಹಳೆಯ ಕೇಪು ತೆಗೆಯಲು ಬರುವುದಿಲ್ಲ.

ಬಳಸಿದ ಹಿತ್ತಾಳೆಯನ್ನು ಮತ್ತೆ ತುಂಬುವ ಮುಂಚೆ ಒರೆಸಿ, ಬೆಳಕಿಗೆ ಹಿಡಿದು ಬುಡದಿಂದ ಸ್ವಲ್ಪ ಮೇಲೆ ನೋಡಬೇಕು. ಸುತ್ತಲೂ ಹೊಳೆಯುವ ತೆಳು ಉಂಗುರ ಕಂಡರೆ ಅಲ್ಲಿ ಲೋಹ ಎಳೆದು ಸವೆದಿರಬಹುದು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಉಂಗುರದ ಜಾಗದಲ್ಲಿ ತಂತಿಯ ತುದಿ ಹಳ್ಳಕ್ಕೆ ಬಿದ್ದಂತೆ ತಡೆದರೆ, ಆ ತೋಟಾ ಜೊತೆಗೆ ಅಷ್ಟೇ ಸಲ ಹೊಡೆದ ಅದರ ಜೊತೆಯವನ್ನೂ ಗುಜರಿ ಡಬ್ಬಿಗೆ ಹಾಕಿ.