ಮೈಕ್ ಬೆಲೆ ಆಮೇಲೆ, ಮೊದಲು ದೂರ ನೋಡಿ

ಕ್ಯಾಮೆರಾದ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ ಇರುತ್ತದಲ್ಲ, ಹಾಟ್ ಶೂ ಅಂತ. ಹೊಸ ಮೈಕ್ ತಂದವರು ಮೊದಲು ಅದನ್ನು ಅಲ್ಲಿ ಕೂರಿಸುತ್ತಾರೆ. ಕಂಪನಿಯವರೂ ಅಲ್ಲಿಗೆ ಹೊಂದುವ ಕ್ಲಿಪ್ಪನ್ನೇ ಕೊಟ್ಟಿರುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಕ್ಯಾಮೆರಾಕ್ಕೆ ಒಂದು ಗತ್ತು ಬರುತ್ತದೆ. ಧ್ವನಿ ಮಾತ್ರ ಅಷ್ಟೇನೂ ಸುಧಾರಿಸುವುದಿಲ್ಲ. ಆಮೇಲೆ ನನಗೆ ಫೋನ್ ಬರುತ್ತದೆ: "ಎಂಟು ಸಾವಿರ ಕೊಟ್ಟೆ ಸರ್, ಇನ್ನೂ ಬಾವಿಯೊಳಗಿಂದ ಮಾತಾಡಿದ ಹಾಗೇ ಕೇಳ್ತಿದೆ."

ಅದು ಮೈಕಿನ ತಪ್ಪಲ್ಲ. ಮಾತಾಡುವವರು ಎರಡು ಮೀಟರ್ ಆಚೆ ಕೂತಿದ್ದಾರೆ, ಮೈಕ್ ಇಲ್ಲಿ ಕ್ಯಾಮೆರಾ ಮೇಲಿದೆ. ಬಾಯಿಂದ ಮೈಕಿಗಿರುವ ದೂರ ದುಪ್ಪಟ್ಟಾದಾಗಲೆಲ್ಲ ನೇರವಾಗಿ ಬರುವ ಮಾತು 6 ಡೆಸಿಬೆಲ್ ಇಳಿಯುತ್ತದೆ. ಎದೆ ಮೇಲೆ ಸಿಕ್ಕಿಸಿದ ಮೈಕ್ ಬಾಯಿಂದ ಸುಮಾರು 25 ಸೆಂಟಿಮೀಟರ್ ದೂರ ಇರುತ್ತದೆ. ಅಲ್ಲಿಂದ 50, 100, 200. ಮೂರು ಸಲ ದುಪ್ಪಟ್ಟು ಮಾಡಿದಿರಿ, ಕ್ಯಾಮೆರಾ ಬಂತು. 18 ಡೆಸಿಬೆಲ್ ಹೋಯಿತು. ಅದನ್ನು ತುಂಬಲು ಗೇನ್, ಅಂದರೆ ಬಂದ ಸದ್ದನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ, ಏರಿಸಿದರೆ ಮಾತಿನ ಜೊತೆ ಫ್ಯಾನು, ಫ್ರಿಡ್ಜು, ಬೀದಿಯ ಆಟೊ, ಪಕ್ಕದ ಮನೆ ಕುಕ್ಕರ್ ಎಲ್ಲವೂ ಏರುತ್ತವೆ.

ಕೋಣೆಯೊಳಗೆ ಇನ್ನೊಂದು ತೊಂದರೆ ಇದೆ. ದೂರ ಹೋದಂತೆ ಮಾತು ಇಳಿಯುತ್ತದೆ, ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಈಗಿನ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆ ಬೋಳು, ಕಿಟಕಿಗೆ ಗಾಜು. ಮೈಕ್ ಕೊಳ್ಳುವ ಮೊದಲು ನೀವು ಶೂಟ್ ಮಾಡುವ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಟಪ್ ಅಂತ ಅಲ್ಲೇ ಸತ್ತರೆ ಸರಿ. ಝಣ್ ಅಂತ ಬಾಲ ಬಂದರೆ ಮೊದಲ ಖರ್ಚು ಮೈಕಿಗಲ್ಲ, ದಪ್ಪ ಪರದೆಗೆ. ಅದೂ ಬೇಡ ಎಂದರೆ ಬೀರುವಿನಲ್ಲಿರುವ ಎರಡು ಕಂಬಳಿ ತಂದು ಫ್ರೇಮಿನ ಹೊರಗೆ ತೂಗುಹಾಕಿ.

ಎದೆ ಮೇಲಿರುವ ಸಾವಿರ ರೂಪಾಯಿಯ ಕಾಲರ್ ಮೈಕ್, ಕ್ಯಾಮೆರಾ ಮೇಲೆ ಕೂತ ಮೂವತ್ತು ಸಾವಿರದ ಮೈಕಿಗಿಂತ ಸ್ಪಷ್ಟವಾಗಿ ಮಾತು ಹಿಡಿಯುತ್ತದೆ. ಹಾಗಾಗಿ ಯಾವ ಮೈಕ್ ತಗೊಳ್ಳಲಿ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಎರಡೇ. ಎಲ್ಲಿ ಶೂಟ್ ಮಾಡ್ತೀರಿ? ಮೈಕನ್ನು ಬಾಯಿ ಹತ್ತಿರ ತರಲು ಆಗುತ್ತಾ?

ಅದಕ್ಕೂ ಮುಂಚೆ ಕ್ಯಾಮೆರಾದ ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡಿ. 3.5 ಎಂಎಂ ಮೈಕ್ ಪೋರ್ಟ್ ಇದೆಯಾ? ನಮ್ಮಲ್ಲಿ ಬಹಳ ಜನ ಶುರು ಮಾಡಿದ ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ ಇಲ್ಲ. ಕ್ಯಾನನ್ 200ಡಿ, ನಿಕಾನ್ ಡಿ5600ರಲ್ಲಿ ಇದೆ. ಹೆಡ್‌ಫೋನ್ ಪೋರ್ಟ್ ಅದಕ್ಕಿಂತ ಅಪರೂಪ. ಸೋನಿ ಜಡ್‌ವಿ-ಇ10ರಲ್ಲಿ ಇದೆ, ಅದೇ ಸೋನಿಯ ಎ6400ರಲ್ಲಿ ಇಲ್ಲ. ಪೋರ್ಟ್ ಇಲ್ಲ ಎಂದು ಕ್ಯಾಮೆರಾ ಬದಲಿಸಬೇಕಿಲ್ಲ. ಕಾಲರ್ ಮೈಕನ್ನು ಫೋನಿಗೆ ಚುಚ್ಚಿ, ಏರೋಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆ್ಯಪ್ ಶುರು ಮಾಡಿ, ಮಾತಾಡುವವರ ಜೇಬಿನಲ್ಲಿಡಿ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಎಡಿಟಿಂಗಿನಲ್ಲಿ ಆ ಚಪ್ಪಾಳೆಗೆ ಎರಡನ್ನೂ ಹೊಂದಿಸಿದರೆ ಮುಗಿಯಿತು.

ಇನ್ನೊಂದು ಸಣ್ಣ ವಿಷಯ, ಇದರಲ್ಲೇ ಜನ ಅರ್ಧ ದಿನ ಕಳೆಯುತ್ತಾರೆ. ಮೈಕಿನ ಪಿನ್ ನೋಡಿ. ಎರಡು ಕಪ್ಪು ಗೆರೆ ಇದ್ದರೆ ಕ್ಯಾಮೆರಾದ ಪಿನ್, ಮೂರಿದ್ದರೆ ಫೋನಿನ ಪಿನ್. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಸದ್ದೇ ಬಾರದಿರಬಹುದು. ಬದಲಿಸುವ ಪುಟ್ಟ ಕೇಬಲ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ.

ಕಾಲರ್ ಮೈಕ್ ಎಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಬೋಯಾ ಬಿವೈ-ಎಂ1. ಆರು ಮೀಟರ್ ವೈರ್, ಬಟನ್ ಸೆಲ್, ಕ್ಯಾಮೆರಾಕ್ಕೋ ಫೋನಿಗೋ ಎಂದು ಬದಲಿಸಲು ಒಂದು ಸ್ವಿಚ್ಚು. ಪಾಠ ಹೇಳುವ ಮೇಷ್ಟ್ರು, ಅಡುಗೆ ತೋರಿಸುವವರು, ಕೂತು ಮಾತಾಡುವ ಡಾಕ್ಟರು, ಇವರಿಗೆಲ್ಲ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಸ್ವಿಚ್ ಕ್ಯಾಮೆರಾ ಕಡೆಗೇ ಬಿಟ್ಟು ಮರೆತರೆ ಸೆಲ್ ಖಾಲಿಯಾಗುತ್ತದೆ, ಅಷ್ಟೇ. ಇದು ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುವ ಓಮ್ನಿ ಮೈಕ್. ಎಲ್ಲ ಸದ್ದೂ ಬಂದುಬಿಡುತ್ತಲ್ಲ ಎಂದು ಕೆಲವರು ಹೆದರುತ್ತಾರೆ. ಬಾಯಿಗೆ ಇಷ್ಟು ಹತ್ತಿರ ಇದ್ದಾಗ ಮಾತೇ ಗೆಲ್ಲುತ್ತದೆ. ಮಾತಾಡುತ್ತ ತಲೆ ತಿರುಗಿಸಿದರೂ ಧ್ವನಿ ಅಷ್ಟಾಗಿ ಬದಲಾಗುವುದಿಲ್ಲ, ಅದೇ ಓಮ್ನಿಯ ಲಾಭ.

ಹಾಕುವುದರಲ್ಲಿ ಕಲೆ ಇದೆ. ಶರ್ಟಾದರೆ ಸುಲಭ. ಗಲ್ಲದಿಂದ ಒಂದು ಗೇಣು ಕೆಳಗೆ, ಗುಂಡಿ ಪಟ್ಟಿಯ ಅಂಚಿಗೆ. ಅದಕ್ಕಿಂತ ಮೇಲೆ ಹೋದರೆ ಗಲ್ಲದ ಮರೆ ಬಂದು ಮಾತು ಮಂಕಾಗುತ್ತದೆ. ಸೀರೆಯಾದರೆ ಯೋಚಿಸಬೇಕು. ಸೆರಗಿನ ಅಂಚಿಗೆ ಸಿಕ್ಕಿಸಿದರೆ ಭುಜ ಅಲ್ಲಾಡಿದಾಗಲೆಲ್ಲ ಸರಸರ. ಹತ್ತಿ ಸೀರೆ ಸುಮ್ಮನಿರುತ್ತದೆ, ರೇಷ್ಮೆ ಸದ್ದು ಮಾಡುತ್ತದೆ, ಜರಿ ಇನ್ನೂ ಜಾಸ್ತಿ. ಮೇಲೆ ತಾಳಿ, ಸರ. ಒಂದು ಮಣಿ ಮೈಕಿಗೆ ತಾಗಿದರೂ ಸಾಕು, ಟಿಕ್ ಟಿಕ್ ಅಂತ ಇಡೀ ಸಂದರ್ಶನ ಹಾಳು. ನಾನು ಮೈಕನ್ನು ರವಿಕೆಯ ಕೊರಳಿನ ಅಂಚಿಗೆ ಹಾಕಿಸುತ್ತೇನೆ, ಸೆರಗು ಇಲ್ಲದ ಬದಿಗೆ. ವೈರನ್ನು ಮೈಕಿನ ಕೆಳಗೆ ಒಂದು ಸುತ್ತು ಸುತ್ತಿ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪೇಪರ್ ಟೇಪಿನಿಂದ ಒಳಗಡೆ ಅಂಟಿಸಿದರೆ ಎಳೆತದ ಸದ್ದು ಮೈಕಿಗೆ ಏರುವುದಿಲ್ಲ. ಉದ್ದ ಸರ ಇದ್ದರೆ ಅದಕ್ಕೂ ಒಂದು ಚೂರು ಟೇಪು. ಇದನ್ನೆಲ್ಲ ನಾನು ಮಾಡುವುದಿಲ್ಲ. ಮೈಕ್, ಟೇಪು, ಒಂದು ಕನ್ನಡಿ ಅವರ ಕೈಗೇ ಕೊಟ್ಟು, ಹೇಗೆಂದು ತೋರಿಸಿ ಆಚೆ ಹೋಗುತ್ತೇನೆ. ಹಾಕಿಕೊಂಡು ಬಂದ ಮೇಲೆ ಹೆಡ್‌ಫೋನಿನಲ್ಲಿ ಕೇಳಿ, "ಒಂದ್ಸಲ ಆ ಕಡೆ ತಿರುಗಿ, ಕೈ ಎತ್ತಿ" ಎನ್ನುತ್ತೇನೆ. ಸುಮ್ಮನೆ ಕೂತಾಗ ಎಲ್ಲ ಮೈಕೂ ಚೆನ್ನಾಗಿಯೇ ಕೇಳುತ್ತವೆ.

ನಡೆದಾಡುತ್ತ ಮಾತಾಡಬೇಕು, ತೋಟ ಸುತ್ತಬೇಕು ಎಂದರೆ ವೈರ್‌ಲೆಸ್. 2019ರಲ್ಲಿ ರೋಡ್ ಕಂಪನಿಯ ವೈರ್‌ಲೆಸ್ ಗೋ ಬಂದ ಮೇಲೆ ಈ ಬೆಂಕಿಪೊಟ್ಟಣದ ಗಾತ್ರದ ಸೆಟ್ಟುಗಳು ಎಲ್ಲೆಡೆ ಆದವು. ಹೆಚ್ಚಿನವು ನಿಮ್ಮ ವೈಫೈ ಓಡುವ 2.4 ಗಿಗಾಹರ್ಟ್ಜ್‌ನಲ್ಲೇ ಓಡುತ್ತವೆ. ಈ ಅಲೆ ಮನುಷ್ಯರ ಮೈ ದಾಟಲು ಒದ್ದಾಡುತ್ತದೆ, ಮೈಯಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ. ಡಬ್ಬದ ಮೇಲೆ 200 ಮೀಟರ್ ಎಂದು ಬರೆದಿರುವುದು ಬಯಲಿನಲ್ಲಿ, ಎದುರುಬದುರು ನಿಂತಾಗಿನ ಲೆಕ್ಕ. ಎದೆ ಮೇಲೆ ಟ್ರಾನ್ಸ್‌ಮಿಟರ್, ಅಂದರೆ ಮಾತು ಕಳಿಸುವ ಡಬ್ಬಿ, ಹಾಕಿಕೊಂಡ ರೈತರು ಕ್ಯಾಮೆರಾಕ್ಕೆ ಬೆನ್ನು ಮಾಡಿ ಅಡಿಕೆ ಮರ ತೋರಿಸಲು ಹೊರಟರೆ ಮಾತು ತುಂಡಾಗಬಹುದು. ಜನ, ಫೋನು ಎರಡೂ ಕಿಕ್ಕಿರಿದ ಕಲ್ಯಾಣ ಮಂಟಪದಲ್ಲೂ ಅದೇ ಕಥೆ. ಅದಕ್ಕೇ ಟ್ರಾನ್ಸ್‌ಮಿಟರಿನ ಒಳಗೇ ರೆಕಾರ್ಡ್ ಆಗುವ ಸೆಟ್ಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಎನ್ನುತ್ತೇನೆ. ಡಿಜೆಐ ಮೈಕ್ 2ರಲ್ಲಿ ಆ ಸೌಲಭ್ಯ ಇದೆ. ಅದೇ 2024ರಲ್ಲಿ ಬಂದ ಡಿಜೆಐ ಮೈಕ್ ಮಿನಿಯಲ್ಲಿ ಇಲ್ಲ. ಆದರೆ ಮಿನಿಯ ಟ್ರಾನ್ಸ್‌ಮಿಟರ್ 10 ಗ್ರಾಂ ಮಾತ್ರ, ತೆಳು ಬಟ್ಟೆಯನ್ನು ಜಗ್ಗುವುದಿಲ್ಲ. ಯಾವುದು ಮುಖ್ಯ ಎಂದು ನಿಮ್ಮ ಕೆಲಸವೇ ಹೇಳಬೇಕು. ಮದುವೆ ಶೂಟಿಗೆ ನಾನಂತೂ ಒಳಗೆ ರೆಕಾರ್ಡ್ ಆಗದ ಸೆಟ್ ಒಯ್ಯುವುದಿಲ್ಲ. ಧಾರೆಗೆ ರೀಟೇಕ್ ಎಲ್ಲಿಂದ ತರೋದು?

32 ಬಿಟ್ ಫ್ಲೋಟ್ ಎಂಬ ಮಾತನ್ನೂ ಈಗ ಜಾಹೀರಾತಿನಲ್ಲಿ ನೋಡುತ್ತೀರಿ. ಜೋರು ಸದ್ದು ಬಂದರೂ ರೆಕಾರ್ಡಿಂಗ್ ಒಡೆಯದಂತೆ ಆಮೇಲೆ ಇಳಿಸಿಕೊಳ್ಳಬಹುದು, ನಿಜ. ಆದರೆ ಅದು ಟ್ರಾನ್ಸ್‌ಮಿಟರಿನ ಒಳಗಿನ ಫೈಲಿಗೆ ಮಾತ್ರ. ವೈರಿನಲ್ಲಿ ಕ್ಯಾಮೆರಾಕ್ಕೆ ಹೋಗುವ ಸದ್ದು ಒಡೆದರೆ ಒಡೆದದ್ದೇ. ಇನ್ನು ಆ ಸೆಟ್ಟುಗಳಲ್ಲಿರುವ ನಾಯ್ಸ್ ಕ್ಯಾನ್ಸಲ್ ಬಟನ್. ಅದನ್ನು ಮುಟ್ಟಬೇಡಿ. ಸ, ಶ ಅಕ್ಷರಗಳ ಸದ್ದು ಯಂತ್ರದ ಕಿವಿಗೆ ಗಲಾಟೆಯ ಹಾಗೇ ಕೇಳುತ್ತದೆ, ಅದು ಅವನ್ನೂ ಕೆರೆದುಹಾಕುತ್ತದೆ. ಗಲಾಟೆಯನ್ನು ಬೇಕಿದ್ದರೆ ಎಡಿಟಿಂಗಿನಲ್ಲಿ ತೆಗೆಯಬಹುದು. ಶೂಟಿನಲ್ಲೇ ತೆಗೆದದ್ದನ್ನು ವಾಪಸ್ ಹಾಕಲು ಬರುವುದಿಲ್ಲ.

ಶಾಟ್‌ಗನ್ ಮೈಕ್ ದೂರದ ಮಾತನ್ನು ಎಳೆದು ತರುತ್ತದೆ ಎಂಬ ನಂಬಿಕೆ ಬಲವಾಗಿದೆ. ಯಾವ ಮೈಕೂ ಎಳೆದು ತರುವುದಿಲ್ಲ. ಶಾಟ್‌ಗನ್ನಿನ ಉದ್ದ ಕೊಳವೆಯ ಪಕ್ಕದ ಸೀಳುಗಳಿಂದ ಬರುವ ಸದ್ದು ಒಳಗೆ ಒಂದನ್ನೊಂದು ಹೊಡೆದುಹಾಕುತ್ತದೆ, ಹಾಗಾಗಿ ಅಕ್ಕಪಕ್ಕದ್ದು ಕಡಿಮೆ ಕೇಳುತ್ತದೆ, ಅಷ್ಟೇ. ಕೊಳವೆ ಗಿಡ್ಡವಾದಷ್ಟೂ ಈ ಕೆಲಸ ತೀಕ್ಷ್ಣ ಸದ್ದಿಗೆ ಮಾತ್ರ ನಡೆಯುತ್ತದೆ. ಬಸ್ಸಿನ ಗುಡುಗುಡು ಪಕ್ಕದಿಂದ ಬಂದರೂ ಆರಾಮಾಗಿ ಒಳಗೆ ಬರುತ್ತದೆ. ಟೈಲ್ಸ್ ಹಾಕಿದ ಕೋಣೆಯಲ್ಲಿ ಎಲ್ಲ ಕಡೆಯಿಂದ ಪ್ರತಿಧ್ವನಿ ಬರುವುದರಿಂದ ಶಾಟ್‌ಗನ್ನಿನಲ್ಲಿ ಧ್ವನಿಯ ಗುಣ ಕೆಡುತ್ತದೆ, ಮಾತು ಟೊಳ್ಳಾಗುತ್ತದೆ. ಒಳಾಂಗಣಕ್ಕೆ ಅದಕ್ಕಿಂತ ಎದುರಿನ ಸದ್ದನ್ನು ಹೆಚ್ಚು ಹಿಡಿಯುವ ಸಾದಾ ಕಾರ್ಡಿಯಾಯ್ಡ್ ಮೈಕ್ ವಾಸಿ.

ಶಾಟ್‌ಗನ್ ಬೇಡ ಎನ್ನುತ್ತಿಲ್ಲ. ಸೆನ್‌ಹೈಸರ್ ಎಂಕೆಇ 600 ನನಗೆ ಇಷ್ಟದ ಮೈಕ್. ಆದರೆ ಅದನ್ನು ಕೋಲಿಗೆ ಕಟ್ಟಿ, ಮಾತಾಡುವವರ ತಲೆಯ ಮುಂದೆ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ತಂದು ಎದೆಯ ಕಡೆ ಬಾಗಿಸಬೇಕು. ಕೋಲು ಹಿಡಿಯಲು ಒಬ್ಬರು ಬೇಕು, ಇಲ್ಲವೇ ಲೈಟ್ ಸ್ಟ್ಯಾಂಡ್ ಬೇಕು. ನಮ್ಮ ಸಿನಿಮಾಗಳಲ್ಲಿ ಬಹುಕಾಲ ಡಬ್ಬಿಂಗ್ ಇತ್ತು, ಈಗಲೂ ಇದೆ. ಸೆಟ್ಟಿನಲ್ಲಿ ಧ್ವನಿ ಕೆಟ್ಟರೂ ಸ್ಟುಡಿಯೊದಲ್ಲಿ ಮತ್ತೆ ಹೇಳಿಸಬಹುದು. ಊರಿನ ಅಜ್ಜಿ ಹೇಳಿದ ಸೋಬಾನೆ ಪದಕ್ಕೆ ಆ ಎರಡನೇ ಅವಕಾಶ ಇರುವುದಿಲ್ಲ. ಕೋಲು ಹಿಡಿಯಲು ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ.

ಹೊರಗಡೆ ಶೂಟ್ ಎಂದರೆ ಗಾಳಿ. ಮೈಕಿನ ಜೊತೆ ಬರುವ ಸ್ಪಂಜು ಬಾಯಿಯ ಉಸಿರು ತಡೆಯಲು ಸರಿ. ಮಲ್ಪೆ ಕಡಲ ದಂಡೆ, ಮುಳ್ಳಯ್ಯನಗಿರಿ, ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ಗುಡ್ಡಗಳಲ್ಲಿ ಅದರಿಂದ ಏನೂ ಆಗದು. ತುಪ್ಪಳದ ಟೋಪಿ ಬೇಕು. ಮೈಕಿನಲ್ಲೇ 80 ಹರ್ಟ್ಜ್ ಆಸುಪಾಸಿಗಿಂತ ಕೆಳಗಿನ ಗುಡುಗುಡು ಸದ್ದನ್ನು ಕತ್ತರಿಸುವ ಲೋ ಕಟ್ ಸ್ವಿಚ್ ಇದ್ದರೆ ಅದನ್ನೂ ಹಾಕಿ. ಗಾಳಿಯ ಗುಮ್ ಸದ್ದು ಒಮ್ಮೆ ರೆಕಾರ್ಡಿಂಗನ್ನು ಒಡೆದರೆ ಯಾವ ಸಾಫ್ಟ್‌ವೇರೂ ಸರಿಯಾಗಿ ರಿಪೇರಿ ಮಾಡುವುದಿಲ್ಲ.

ಮೈಕ್ ಸರಿ ಇದ್ದೂ ಧ್ವನಿ ಕೆಡಿಸುವುದು ಕ್ಯಾಮೆರಾದ ಆಟೊ ಲೆವೆಲ್. ಮಾತು ನಿಂತ ಕೂಡಲೇ ಅದು ಗೇನ್ ಏರಿಸುತ್ತದೆ, ಫ್ಯಾನಿನ ಸದ್ದು ಎದ್ದು ಬರುತ್ತದೆ. ಮತ್ತೆ ಮಾತು ಶುರುವಾದಾಗ ಮೊದಲ ಅಕ್ಷರ ಚಚ್ಚಿ ಬೀಳುತ್ತದೆ. ಮೆನುವಿನಲ್ಲಿ ಮ್ಯಾನ್ಯುಯಲ್ ಮಾಡಿ. ಕ್ಯಾಮೆರಾದ ಗೇನ್ ಆದಷ್ಟು ಕೆಳಗಿಡಿ, ಏಕೆಂದರೆ ಅದನ್ನು ಏರಿಸಿದಷ್ಟೂ ಸ್ ಎಂಬ ಸದ್ದು ಜಾಸ್ತಿ. ಮೈಕಿನಲ್ಲೋ ವೈರ್‌ಲೆಸ್ ಸೆಟ್ಟಿನ ರಿಸೀವರಿನಲ್ಲೋ (ಮಾತು ಪಡೆದು ಕ್ಯಾಮೆರಾಕ್ಕೆ ಕೊಡುವ ಡಬ್ಬಿ) ಔಟ್‌ಪುಟ್ ಏರಿಸುವ ಸೌಲಭ್ಯ ಇದ್ದರೆ ಅಲ್ಲಿ ಏರಿಸಿ. ಸಹಜವಾಗಿ ಮಾತಾಡುವಾಗ ಕ್ಯಾಮೆರಾದ ಸದ್ದಿನ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಹೋಗಿ ಬಂದರೆ ಸಾಕು. ನಗು ಬಂದಾಗ ಜನ ಎಷ್ಟು ಜೋರಾಗುತ್ತಾರೆ ಎಂಬುದು ನಿಮಗೇ ಗೊತ್ತು, ಆ ಜಾಗ ಖಾಲಿ ಇರಲಿ.

ಕರಾವಳಿಯ ಓದುಗರು ಪದೇ ಪದೇ ಕೇಳುವುದು ಯಕ್ಷಗಾನದ ರೆಕಾರ್ಡಿಂಗ್ ಬಗ್ಗೆ. ಕ್ಯಾಮೆರಾ ಮೈಕಿನಲ್ಲಿ ಚೆಂಡೆ ಬಿದ್ದರೆ ಭಾಗವತರ ಹಾಡು ಕೇಳುವುದಿಲ್ಲ. ಸೌಂಡ್ ಸಿಸ್ಟಮ್‌ನವರ ಮಿಕ್ಸರಿನಿಂದ ಒಂದು ವೈರ್ ತಗೊಳ್ಳಿ. ಆದರೆ ಅದನ್ನು ನೇರ ಕ್ಯಾಮೆರಾದ ಮೈಕ್ ಪೋರ್ಟಿಗೆ ಹಾಕಬೇಡಿ. ಮಿಕ್ಸರ್ ಕೊಡುವುದು ಲೈನ್ ಲೆವೆಲ್, ಮೈಕಿಗಿಂತ ಎಷ್ಟೋ ಪಟ್ಟು ಬಲ ಜಾಸ್ತಿ, ಪೂರ್ತಿ ಒಡೆದು ಹೋಗುತ್ತದೆ. ಲೈನ್ ಇನ್‌ಪುಟ್ ಇರುವ ಪುಟ್ಟ ರೆಕಾರ್ಡರಿಗೆ ಹಾಕಿ, ಇಲ್ಲವೇ ಮಧ್ಯೆ ಆ ಬಲ ತಗ್ಗಿಸುವ ಅಟೆನ್ಯುಯೇಟರ್ ಕೇಬಲ್ ಇಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಮಿಕ್ಸರಿನಲ್ಲಿ ಭಾಗವತಿಕೆ, ಅರ್ಥಗಾರಿಕೆ ಚೆನ್ನಾಗಿರುತ್ತದೆ. ಚೆಂಡೆಗೆ ಮೈಕಿನ ಹಂಗು ಕಡಿಮೆ, ಹಾಗಾಗಿ ಮಿಕ್ಸರಿನೊಳಗೆ ಅದು ತೆಳುವಾಗಿರುತ್ತದೆ. ಗೆಜ್ಜೆ, ಜನರ ಚಪ್ಪಾಳೆ ಹೆಚ್ಚುಕಮ್ಮಿ ಇರುವುದೇ ಇಲ್ಲ. ರಂಗಸ್ಥಳದ ಎದುರಿಗೆ ಸ್ಟ್ಯಾಂಡಿನ ಮೇಲೆ ಇನ್ನೊಂದು ಸ್ಟೀರಿಯೊ ರೆಕಾರ್ಡರ್ ಇಟ್ಟು ಎರಡನ್ನೂ ಬೆರೆಸಿ. ಬೆಳಗಿನವರೆಗೆ ಓಡುವ ಆಟಕ್ಕೆ ಕ್ಯಾಮೆರಾ ಮತ್ತು ರೆಕಾರ್ಡರಿನ ಗಡಿಯಾರ ಸ್ವಲ್ಪ ಸ್ವಲ್ಪವೇ ಹಿಂದೆಮುಂದೆ ಆಗುತ್ತದೆ. ಪ್ರಸಂಗದ ನಡುವೆ ಅಲ್ಲಲ್ಲಿ ತಾಳಕ್ಕೆ ಹೊಂದಿಸಿಕೊಳ್ಳಬೇಕು.

ಕೊಳ್ಳಲು ಹೋಗುವಾಗ ನಿಮ್ಮದೇ ಕ್ಯಾಮೆರಾ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ. ಕ್ಯಾಮೆರಾದಲ್ಲಿ ಹೆಡ್‌ಫೋನ್ ಪೋರ್ಟ್ ಇಲ್ಲದಿದ್ದರೆ ರೆಕಾರ್ಡ್ ಮಾಡಿ, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕೇಳಿ. ಹತ್ತು ಸೆಕೆಂಡ್ ಮಾತು, ಹತ್ತು ಸೆಕೆಂಡ್ ಮೌನ. ಮೈಕಿನ ನಿಜವಾದ ಗುಣ ಗೊತ್ತಾಗುವುದು ಆ ಮೌನದಲ್ಲಿ, ಎಷ್ಟು ಹಿಸ್ ಬರುತ್ತದೆ ಎಂಬುದರಲ್ಲಿ. ಸೆಕೆಂಡ್ ಹ್ಯಾಂಡ್ ವೈರ್‌ಲೆಸ್ ಸೆಟ್ ಆದರೆ ಅಂಗಡಿಯಲ್ಲೇ ಆನ್ ಮಾಡಿ ಚಹಾ ಕುಡಿದು ಬನ್ನಿ. ಒಳಗಿನ ಬ್ಯಾಟರಿ ಸವೆದಿದ್ದರೆ ಅಷ್ಟರಲ್ಲೇ ಮೀಟರ್ ಬೇಗ ಬೇಗ ಇಳಿದಿರುತ್ತದೆ, ಮತ್ತೆ ಆ ಬ್ಯಾಟರಿ ಬದಲಿಸುವುದು ಸುಲಭವಲ್ಲ. ವೈರ್ ಮೈಕಿಗೆ ಆ ಗೋಳಿಲ್ಲ. ಪಿನ್ನಿನ ಬುಡದಲ್ಲಿ ವೈರನ್ನು ಅತ್ತಿತ್ತ ಬಗ್ಗಿಸಿ ನೋಡಿ, ಹೆಡ್‌ಫೋನಿನಲ್ಲಿ ಕರಕರ ಬರದಿದ್ದರೆ ತಗೊಳ್ಳಿ.