ಸ್ಥಾಯಿ ಘರ್ಷಣೆ, ಚಲನ ಘರ್ಷಣೆ: ಒಂದೇ ಬಲಕ್ಕೆ ಎರಡು ಉತ್ತರ

ಘರ್ಷಣೆಯ ಲೆಕ್ಕ ಕಂಡ ಕೂಡಲೇ ನಮ್ಮಲ್ಲಿ ಬಹಳ ಜನ 'ಮ್ಯೂ × ಎನ್', ಅಂದರೆ ಘರ್ಷಣಾ ಗುಣಾಂಕ × ಲಂಬ ಬಲ, ಎಂದು ಬರೆದುಬಿಡುತ್ತಾರೆ. ಸೂತ್ರ ಸರಿಯೇ. ಆದರೆ ವಸ್ತು ನಿಂತಿದ್ದಾಗ ಆ ಸೂತ್ರದಿಂದ ಸಿಗುವುದು ಘರ್ಷಣೆಯ ಮಿತಿ ಮಾತ್ರ. ಈ ಹೊತ್ತಿನಲ್ಲಿ ಘರ್ಷಣೆ ನಿಜಕ್ಕೂ ಎಷ್ಟಿದೆ ಅನ್ನುವುದು ಬೇರೆ ಪ್ರಶ್ನೆ. ಪಿಯುಸಿ ಮೊದಲ ವರ್ಷದ ಚಲನೆಯ ನಿಯಮಗಳಲ್ಲಿ ಇದೊಂದು ಗಟ್ಟಿಯಾದರೆ ಉಳಿದ ಲೆಕ್ಕಗಳು ಸಲೀಸಾಗುತ್ತವೆ.

ವಿಜಯಪುರದ ಎಪಿಎಂಸಿಯಲ್ಲಿ 50 ಕೆ.ಜಿ. ಜೋಳದ ಚೀಲವೊಂದು ಸಿಮೆಂಟ್ ನೆಲದ ಮೇಲಿದೆ ಅಂತಿಟ್ಟುಕೊಳ್ಳಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿಯೋಣ. ಚೀಲದ ತೂಕ 500 ನ್ಯೂಟನ್. ನೆಲ ಸಮತಟ್ಟಾಗಿದೆ, ಹಮಾಲರು ತಳ್ಳುವುದೂ ನೆಲಕ್ಕೆ ಸಮಾನಾಂತರವಾಗಿ. ಹಾಗಾಗಿ ನೆಲ ಚೀಲವನ್ನು ಮೇಲಕ್ಕೆ ಒತ್ತುವ ಲಂಬ ಬಲ, ಅಂದರೆ ಎನ್, ಅದೂ 500. ಲೆಕ್ಕಕ್ಕೆಂದು ನಿಂತ ಚೀಲಕ್ಕೆ ಸ್ಥಾಯಿ ಘರ್ಷಣಾ ಗುಣಾಂಕ 0.5, ಜಾರುವ ಚೀಲಕ್ಕೆ ಚಲನ ಘರ್ಷಣಾ ಗುಣಾಂಕ 0.4 ಇರಲಿ. ಹಾಗಾದರೆ ಸ್ಥಾಯಿ ಘರ್ಷಣೆಯ ಮಿತಿ 0.5 × 500 = 250 ನ್ಯೂಟನ್.

ಈಗ 100 ನ್ಯೂಟನ್ ಬಲ ಹಾಕಿ ತಳ್ಳಿ. ಚೀಲ ಅಲುಗುವುದಿಲ್ಲ. ಅಲುಗಿಲ್ಲ ಅಂದಮೇಲೆ ಒಟ್ಟು ಬಲ ಸೊನ್ನೆ, ಅಲ್ವಾ? ಹಾಗಾದರೆ ಘರ್ಷಣೆ 100. ಇಲ್ಲಿ ಘರ್ಷಣೆ 250 ಇದೆ ಎಂದರೆ ಚೀಲ ತಳ್ಳಿದವನ ಕಡೆಗೇ ಓಡಿ ಬರಬೇಕಾಗುತ್ತದೆ! 200 ತಳ್ಳಿದರೆ ಘರ್ಷಣೆ 200. ಸುಮ್ನೆ ಬಿಟ್ಟರೆ ಸೊನ್ನೆ. ಸ್ಥಾಯಿ ಘರ್ಷಣೆ ನಾವು ಹಾಕಿದಷ್ಟಕ್ಕೆ ಸರಿಸಮ ನಿಲ್ಲುತ್ತದೆ, 250ರ ತನಕ. ಅಲ್ಲಿಗೆ ಅದರ ಮಿತಿ ಮುಗಿಯಿತು.

260 ಹಾಕಿದರೆ ಚೀಲ ಹೊರಡುತ್ತದೆ. ಹೊರಟ ಕೂಡಲೇ ಲೆಕ್ಕ ಬದಲಾಗುತ್ತದೆ. ಈಗ ಇರುವುದು ಚಲನ ಘರ್ಷಣೆ, 0.4 × 500 = 200. ಉಳಿದ 60 ನ್ಯೂಟನ್ ಚೀಲಕ್ಕೆ 1.2 ಮೀ/ಸೆ² ವೇಗೋತ್ಕರ್ಷ ಕೊಡುತ್ತದೆ. ಒಂದೇ ವೇಗದಲ್ಲಿ ಸಾಗಬೇಕಿದ್ದರೆ ಬಲವನ್ನು 200ಕ್ಕೆ ಇಳಿಸಿದರೆ ಸಾಕು.

ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಪ್ರಶ್ನೆ ಇದು: 220 ನ್ಯೂಟನ್ ಹಾಕಿದರೆ ಏನಾಗುತ್ತದೆ? ನಿಂತ ಚೀಲವಾದರೆ ಏನೂ ಆಗುವುದಿಲ್ಲ, ಘರ್ಷಣೆಯೂ 220. ಆಗಲೇ ಜಾರುತ್ತಿರುವ ಚೀಲವಾದರೆ ಘರ್ಷಣೆ 200, ವೇಗೋತ್ಕರ್ಷ 0.4 ಮೀ/ಸೆ². ಬಲ ಒಂದೇ, ಚೀಲ ಒಂದೇ, ಉತ್ತರ ಎರಡು. ಅದಕ್ಕೇ ಸೂತ್ರ ಬರೆಯುವ ಮೊದಲು 'ವಸ್ತು ನಿಂತಿದೆಯೋ, ಜಾರುತ್ತಿದೆಯೋ' ಎಂದು ಕೇಳಿಕೊಳ್ಳಲೇಬೇಕು.

ನಮ್ಮ ಭಾಗದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಜಗ್ಗಿಸುವ ಸ್ಪರ್ಧೆ ನೋಡಿದ್ದರೆ ಇದು ಕಣ್ಣಿಗೇ ಕಟ್ಟುತ್ತದೆ. ಮೊದಲು ಸರಪಳಿ ಬಿಗಿಯಾಗುತ್ತದೆ, ಎತ್ತಿನ ಕಾಲು ನೆಲಕ್ಕೆ ಊರುತ್ತವೆ, ಕಲ್ಲು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಒಮ್ಮೆ ಕಿತ್ತುಕೊಂಡು ಹೊರಟಿತೋ, ಹೊಡೆಯುವವರು ಅದನ್ನು ನಿಲ್ಲಗೊಡುವುದಿಲ್ಲ. ನಿಂತರೆ ಮತ್ತೆ ಆ ದೊಡ್ಡ ಮಿತಿಯನ್ನು ದಾಟಬೇಕು. ಮಣ್ಣಿನ ನೆಲದಲ್ಲಿ ಕಲ್ಲು ಮಣ್ಣನ್ನೂ ಕೆತ್ತಿಕೊಂಡು ಹೋಗುವುದರಿಂದ ಪುಸ್ತಕದ ಸೂತ್ರ ಅಲ್ಲಿ ಪೂರ್ತಿ ಹೊಂದುವುದಿಲ್ಲ, ಅದು ನೆನಪಿರಲಿ.

ಹೊರಡಿಸುವಾಗ ಜಾಸ್ತಿ, ಹೊರಟ ಮೇಲೆ ಕಡಿಮೆ ಯಾಕೆ? ಎಷ್ಟೇ ನುಣುಪಾಗಿ ಕಂಡರೂ ಮೇಲ್ಮೈಗಳಲ್ಲಿ ಸಣ್ಣ ಉಬ್ಬುತಗ್ಗುಗಳಿರುತ್ತವೆ. ಎರಡು ಮೇಲ್ಮೈ ನಿಜವಾಗಿ ತಾಗುವುದು ಉಬ್ಬುಗಳ ತುದಿಯಲ್ಲಿ ಮಾತ್ರ. ನಿಂತಿದ್ದಾಗ ಆ ತುದಿಗಳು ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಜಾರುವಾಗ ಅಷ್ಟು ಸಮಯ ಸಿಗುವುದಿಲ್ಲ. ಮೇಲಿನ ಭಾರ ಹೆಚ್ಚಿದರೆ ತುದಿಗಳು ಅಮುಕಿ, ತಾಗುವ ಜಾಗವೂ ಹೆಚ್ಚುತ್ತದೆ. ಘರ್ಷಣೆ ಎನ್ ಜೊತೆ ಏರುವುದು ಇದರಿಂದಲೇ. ಚೀಲವನ್ನು ಮಲಗಿಸಿದರೂ ನಿಲ್ಲಿಸಿದರೂ ಮಿತಿ ಹೆಚ್ಚುಕಡಿಮೆ ಅಷ್ಟೇ ಇರುವುದಕ್ಕೂ ಇದೇ ಕಾರಣ. ಈ ನಿಯಮಗಳನ್ನು 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟೊನ್ ಮಂಡಿಸಿದ. ನಿಂತಷ್ಟು ಹೊತ್ತೂ ಸ್ಥಾಯಿ ಘರ್ಷಣೆ ತುಸು ತುಸು ಬಲಿಯುತ್ತದೆ ಎಂಬುದನ್ನು ಗಮನಿಸಿದವನು ಕೂಲಂಬ್, ವಿದ್ಯುದಾವೇಶದ ನಿಯಮದ ಅದೇ ಕೂಲಂಬ್.

ಗುಣಾಂಕವನ್ನು ಮನೆಯಲ್ಲೇ ಅಳೆಯಬಹುದು. ಪರೀಕ್ಷೆಯ ಪ್ಯಾಡ್ ಮೇಲೆ ನಾಣ್ಯ ಇಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿ. ನಾಣ್ಯ ಹೊರಡುವ ಕ್ಷಣದಲ್ಲಿ ಎತ್ತಿದ ತುದಿಯ ಎತ್ತರವನ್ನು ಬುಡದ ಉದ್ದದಿಂದ, ಅಂದರೆ ಪ್ಯಾಡ್ ಕೆಳಗಿನ ಸಮತಟ್ಟು ಅಳತೆಯಿಂದ, ಭಾಗಿಸಿ. ಎತ್ತರ 14 ಸೆಂ.ಮೀ., ಬುಡ 28 ಸೆಂ.ಮೀ. ಇದ್ದರೆ ಸ್ಥಾಯಿ ಗುಣಾಂಕ 0.5. ಎರಡು ನಾಣ್ಯ ಅಂಟಿಸಿ ಇಟ್ಟರೂ ಹೊರಡುವ ಕೋನ ಹೆಚ್ಚುಕಡಿಮೆ ಅದೇ, ಕೆಳಕ್ಕೆ ಜಾರಿಸುವ ಬಲದಲ್ಲೂ ಘರ್ಷಣೆಯಲ್ಲೂ ದ್ರವ್ಯರಾಶಿ ಇರುವುದರಿಂದ ಅದು ಎರಡೂ ಕಡೆ ಹೊಡೆದುಹೋಗುತ್ತದೆ. ಹೊರಟ ನಾಣ್ಯ ಅದೇ ಕೋನದಲ್ಲಿ ವೇಗ ಏರಿಸಿಕೊಳ್ಳುವುದನ್ನು ಗಮನಿಸಿ. ಚಲನ ಗುಣಾಂಕ ಬೇಕಾದರೆ ಪ್ಯಾಡ್ ತುಸು ಇಳಿಸಿ, ಬೆರಳಿನಿಂದ ತಟ್ಟಿ ನಾಣ್ಯ ಹೊರಡಿಸಿ, ಅದು ಒಂದೇ ವೇಗದಲ್ಲಿ ಜಾರುವ ಕೋನ ಹುಡುಕಿ.

ಕೊನೆಗೆ ದಿಕ್ಕಿನ ವಿಷಯ. ಘರ್ಷಣೆ ಯಾವಾಗಲೂ ಹಿಂದಕ್ಕೆ ಎಂದು ಬಾಯಿಪಾಠ ಮಾಡಬೇಡಿ. ಅದು ತಡೆಯುವುದು ಎರಡು ಮೇಲ್ಮೈಗಳ ನಡುವಿನ ಜಾರುವಿಕೆಯನ್ನು. ಅದೇ ಚೀಲವನ್ನು ಗೂಡ್ಸ್ ಗಾಡಿಗೆ ಹಾಕಿ, ಗುಣಾಂಕಗಳೂ ಅವೇ ಇರಲಿ. ಗಾಡಿ 1 ಮೀ/ಸೆ² ವೇಗೋತ್ಕರ್ಷದಲ್ಲಿ ಮುಂದೆ ಹೊರಟಿತು. ಚೀಲವನ್ನು ಮುಂದಕ್ಕೆ ಒಯ್ಯುತ್ತಿರುವುದು ಘರ್ಷಣೆಯೇ, 50 ನ್ಯೂಟನ್. ಆಮೇಲೆ ಬ್ರೇಕ್ ಬಿತ್ತು. ಸ್ಥಾಯಿ ಘರ್ಷಣೆ ಈ ಚೀಲದ ವೇಗವನ್ನು ತಗ್ಗಿಸಬಲ್ಲದ್ದು ಹೆಚ್ಚೆಂದರೆ 250 ÷ 50 = 5 ಮೀ/ಸೆ² ದರದಲ್ಲಿ. ಗಾಡಿ 3ರ ದರದಲ್ಲಿ ನಿಧಾನವಾದರೆ ಚೀಲವೂ ಜೊತೆಗೇ ನಿಧಾನವಾಗುತ್ತದೆ, ಘರ್ಷಣೆ ಹಿಂದಕ್ಕೆ 150. ಗಾಡಿ 6ರ ದರದಲ್ಲಿ ನಿಧಾನವಾದರೆ ಮಿತಿ ದಾಟಿತು. ಈಗ ಘರ್ಷಣೆ 200, ಚೀಲ ನಿಧಾನವಾಗುವುದು 4ರ ದರದಲ್ಲಿ ಮಾತ್ರ. ಆ 2ರ ವ್ಯತ್ಯಾಸವೇ ಚೀಲವನ್ನು ಕ್ಯಾಬಿನ್ ಕಡೆಗೆ ಜಾರಿಸುತ್ತದೆ.