ಬಿಪಿ ಗಡಿ 130 ಅಥವಾ 140? ಚಿಕ್ಕ ಡಾಕ್ಟರ್ ಯಾವುದನ್ನು ನಂಬುತ್ತಾರೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ: “ಅಮೆರಿಕದಲ್ಲಿರುವ ಮಗ 130 ದಾಟಿದರೇ ಬಿಪಿ ಅಂತಾನೆ. ಇಲ್ಲಿ ಆಸ್ಪತ್ರೆಯ ಚಿಕ್ಕ ಡಾಕ್ಟರ್ 140 ಅಂತಾರೆ. ಇನ್ನೂ ಕಲಿಯುತ್ತಿರುವವರಿಗೆ ಹೊಸ ನಿಯಮ ಗೊತ್ತಿರಲ್ವಾ ಸಾರ್?”

ಚೆನ್ನಾಗಿ ಗೊತ್ತಿರುತ್ತದೆ. ಪರೀಕ್ಷೆಗೆ ಓದಿರುತ್ತಾರೆ. ಅಮೆರಿಕದವರು 2017ರಲ್ಲಿ ಗಡಿಯನ್ನು 130/80ಕ್ಕೆ ಇಳಿಸಿದರು, 2025ರಲ್ಲೂ ಹಾಗೇ ಉಳಿಸಿಕೊಂಡರು. ಯುರೋಪಿನ ಹೃದಯತಜ್ಞರು 2024ರಲ್ಲೂ 140/90 ಬಿಡಲಿಲ್ಲ. ನಮ್ಮ ಸರ್ಕಾರದ ಬಿಪಿ ಕಾರ್ಯಕ್ರಮದ್ದೂ 140/90. ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಪಿಜಿ ವಿದ್ಯಾರ್ಥಿ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಈ ಚಿಕ್ಕ ಡಾಕ್ಟರ್, ಅದನ್ನೇ ಹಿಡಿಯುತ್ತಾರೆ. ಹಾಗಂತ 134 ಇದ್ದವರನ್ನು ಸುಮ್ನೆ ಕಳಿಸುವುದಿಲ್ಲ. ಉಪ್ಪು, ತೂಕ, ಬೀಡಿ-ಸಿಗರೇಟಿನ ಮಾತು ಬರುತ್ತದೆ. ಹೃದಯದ ಕಾಯಿಲೆ ಆಗಲೇ ಇದ್ದರೆ ಮಾತ್ರೆಯ ಮಾತೂ ಬರುತ್ತದೆ.

ನನಗೆ ಬೇಸರ ತರಿಸುವುದು 130-140ರ ಜಗಳವಲ್ಲ. “ವಯಸ್ಸಿಗೆ ನೂರು ಕೂಡಿಸಿ, ಅಷ್ಟು ಬಿಪಿ ಇದ್ದರೆ ಸರಿ” ಅನ್ನುವ ಲೆಕ್ಕ. 70 ವರ್ಷದ ಅಜ್ಜಿಗೆ 170 ಇದ್ದರೂ ಮನೆಯವರು ನಿಶ್ಚಿಂತೆಯಾಗಿರುತ್ತಾರೆ! ಈ ಲೆಕ್ಕ ತಪ್ಪು. ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುತ್ತದೆ, ಮೇಲಿನ ಅಂಕಿ (130/80ರಲ್ಲಿ 130) ಏರುತ್ತದೆ, ನಿಜ. ವಯಸ್ಸಾದವರಿಗೆ ಕಣ್ಣಿನ ಪೊರೆಯೂ ಬರುತ್ತದೆ. ಅದನ್ನು ಹಾಗೇ ಬಿಡುತ್ತೇವಾ?

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ 1944ರ ಮಾರ್ಚ್‌ನಲ್ಲಿ 186/108 ಇತ್ತು. ಅವರ ಖಾಸಗಿ ವೈದ್ಯರು ಮಾತ್ರ ವಯಸ್ಸಿಗೆ ತಕ್ಕ ಹಾಗಿದೆ ಅಂತಲೇ ಹೇಳುತ್ತಾ ಬಂದರು. 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ರೂಸ್‌ವೆಲ್ಟ್ ತೀರಿಕೊಂಡರು. ಆಗ 63 ವರ್ಷ. ಆ ಕಾಲಕ್ಕೆ ಒಳ್ಳೆಯ ಮಾತ್ರೆಯೂ ಇರಲಿಲ್ಲ. ಈಗ ಇವೆ, ಪುರಾವೆಯೂ ಇದೆ. 60 ದಾಟಿದವರ ಮೇಲಿನ ಅಂಕಿ ಇಳಿಸಿದಾಗ ಲಕ್ವ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು ಅಂತ 1991ರ ಅಧ್ಯಯನ ತೋರಿಸಿತು. 2008ರಲ್ಲಿ 80 ದಾಟಿದವರಲ್ಲೇ ನೋಡಿದರು. ಅಲ್ಲಿ ಸಾವೂ ಕಡಿಮೆಯಾಯಿತು. ಎದ್ದು ನಿಂತರೆ ತಲೆ ಸುತ್ತುವ ಅಜ್ಜ-ಅಜ್ಜಿಯರಿಗೆ ನಿಧಾನವಾಗಿ ಇಳಿಸಬೇಕು, ಅವರನ್ನು ಎದ್ದು ನಿಲ್ಲಲು ಹೇಳಿಯೂ ಬಿಪಿ ನೋಡಬೇಕು. ಆದರೆ ನೂರು ಕೂಡಿಸುವ ಲೆಕ್ಕ ಯಾರಿಗೂ ಬೇಡ.

ನನ್ನ ಹುಡುಗರಿಗೆ ಗಡಿಗಿಂತ ಮೊದಲು ಕಲಿಸುವುದು ಅಳೆಯುವುದನ್ನು. ಹೊಸ ಹೌಸ್ ಸರ್ಜನ್‌ಗಳ (ಎಂಬಿಬಿಎಸ್ ಓದಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವವರು) ಕೇಸ್ ಶೀಟಿನಲ್ಲಿ ಬರೀ 120/80, 130/80, 140/90. ಮನುಷ್ಯರ ಬಿಪಿ ಎಲ್ಲಾ ಸೊನ್ನೆಯಲ್ಲೇ ಮುಗಿಯುತ್ತಾ? ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿ. ಬೆನ್ನು ಒರಗಲಿ, ಪಾದ ನೆಲದ ಮೇಲಿರಲಿ. ತೋಳಿನ ಬಟ್ಟೆ ಸರಿಸಿ ಪಟ್ಟಿ ಕಟ್ಟಿ. ಇಬ್ಬರೂ ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಇಷ್ಟಾದ ಮೇಲೆ ಒಬ್ಬಳು 136/84 ಅಂತ ಬರೆದು ತಂದಾಗ ನನಗೆ ನಿಜಕ್ಕೂ ಹೆಮ್ಮೆ.

ಯಾರೂ ಕೇಳದ ಇನ್ನೊಂದು ವಿಷಯ. “ಬ್ಲಡ್ ಟೆಸ್ಟ್ ಇತ್ತಲ್ಲ, ಬಿಪಿ ಮಾತ್ರೆ ತಗೊಳ್ದೆ ಬಂದೆ” ಅಂತ ಎಷ್ಟೋ ಜನ ಬರುತ್ತಾರೆ. ಆಗ ಬಿಪಿ ಏರಿರುತ್ತದೆ, ಇವರನ್ನು ಅರಿಯದ ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸಿಬಿಡಬಹುದು. ಖಾಲಿ ಹೊಟ್ಟೆಯ ಟೆಸ್ಟ್ ಇದ್ದರೂ, ನಿಮ್ಮ ಡಾಕ್ಟರ್ ಬೇಡ ಅನ್ನದಿದ್ದರೆ, ಬಿಪಿ ಮಾತ್ರೆಯನ್ನು ನೀರಿನ ಜೊತೆ ನುಂಗಿ ಬನ್ನಿ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಿಂಡಿಯ ಹೊತ್ತಿಗಿರಲಿ.